ಫಾ ಇಲ್ಲದ ಆರ್ಗನ್

ಆಗಸ್ಟ್ ಕೊನೆಯ ಮಳೆ. ಸುರತ್ಕಲ್ಲಿನಲ್ಲಿ ಹೆದ್ದಾರಿ ಬಿಟ್ಟು ಕಾನದ ಕಡೆ ತಿರುಗುವ ಸಿಟಿ ಬಸ್ಸಿನೊಳಗೆ ಒದ್ದೆ ಕೊಡೆಗಳ ವಾಸನೆ, ಮೀನಿನ ಬುಟ್ಟಿಯ ವಾಸನೆ, ಯಾರದೋ ಮಡಿಲಲ್ಲಿರುವ ಮಲ್ಲಿಗೆ ಚೆಂಡಿನ ವಾಸನೆ ಎಲ್ಲ ಒಂದಾಗಿ ಸೇರಿವೆ. "ಕಾಟಿಪಳ್ಳ, ಕೈಕಂಬ, ಗಣೇಶಪುರ" ಎಂದು ಕಂಡಕ್ಟರ್ ಕೂಗುತ್ತಾನೆ, ಶಿಳ್ಳೆ ಊದುತ್ತಾನೆ, ಇಳಿಯುವವರಿಗಿಂತ ಮೊದಲೇ ಬಸ್ಸು ಹೊರಡುತ್ತದೆ. ಇಲ್ಲಿ ವಿಳಾಸ ಕೇಳಿದರೆ ಜನ 2ನೇ ಬ್ಲಾಕ್, 3ನೇ ಬ್ಲಾಕ್ ಎಂದು ಸಂಖ್ಯೆ ಹೇಳುತ್ತಾರೆ. ಹಲಸು, ತೆಂಗು, ಕೆಂಪು ಮುರಕಲ್ಲಿನ ಪಾಗಾರ, ಪಾಚಿ ಹಿಡಿದ ಹಂಚು, ಎಲ್ಲವೂ ಕರಾವಳಿಯ ಯಾವುದೇ ಹಳ್ಳಿಯದು. ರಸ್ತೆಗಳು ಮಾತ್ರ ದಾರ ಹಿಡಿದು ಎಳೆದಂತೆ ನೇರ. ಪಣಂಬೂರಿನಲ್ಲಿ ನವಮಂಗಳೂರು ಬಂದರು ಕಟ್ಟುವಾಗ ಸಮುದ್ರದ ಬದಿಯ ಮನೆ, ಗದ್ದೆ ಬಿಟ್ಟುಕೊಟ್ಟವರಿಗೆ ಅಳೆದು ಹಂಚಿದ ಜಾಗ ಇದು. ಬಂದರು 1974ರಲ್ಲಿ ದೇಶದ 9ನೇ ದೊಡ್ಡ ಬಂದರಾಯಿತು. ಅದಕ್ಕೆ ಜಾಗ ಮಾಡಿಕೊಟ್ಟವರು ಕಾಟಿಪಳ್ಳದಲ್ಲೂ ಪಕ್ಕದ ಕೃಷ್ಣಾಪುರದಲ್ಲೂ ಹೊಸದಾಗಿ ಬಾವಿ ತೋಡಿ, ಸಸಿ ನೆಟ್ಟು, ಮಸೀದಿ, ಭಜನಾ ಮಂದಿರ, ಇಗರ್ಜಿ ಕಟ್ಟಿಕೊಂಡರು.

ಈ ಮೂರೂ ಕಡೆಯ ಆಂಪ್ಲಿಫೈಯರುಗಳು ಕೆಟ್ಟಾಗ ಬರುವುದು ಒಂದೇ ಮೇಜಿಗೆ. ರಸ್ತೆ ಬದಿಯ ಸಣ್ಣ ಕೋಣೆ, ಮುಂದೆ ಸಿಮೆಂಟ್ ಶೀಟಿನ ಮಾಡು, ಅದರಿಂದ ಬೀಳುವ ನೀರಿಗೆ ಒಂದು ಪ್ಲಾಸ್ಟಿಕ್ ಬಕೆಟು. ಒಳಗೆ ಹೋದರೆ ರಾಳ ಸುಟ್ಟ ಘಾಟು. ಗೋಡೆಗೆ ಒರಗಿಸಿದ ಅಹುಜಾ ಆಂಪ್ಲಿಫೈಯರ್, ಹೊಟ್ಟೆ ಬಿಚ್ಚಿದ ಮಿಕ್ಸಿ, ಗಣೇಶನ ಹಬ್ಬದ ಮೊದಲು ಸಿಗಲೇಬೇಕೆಂದು ಭಜನಾ ಮಂದಿರದವರು ಇಟ್ಟುಹೋದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಅರುವತ್ತು ದಾಟಿದ ರಿಪೇರಿಯವರು ಕನ್ನಡಕವನ್ನು ಹಣೆಗೇರಿಸಿ ಶ್ರುತಿಪೆಟ್ಟಿಗೆಯ ಬೋರ್ಡಿನಲ್ಲಿ ಒಂದು ಕಾಲನ್ನು ಸೋಲ್ಡರ್ ಮಾಡಿ ಮುಗಿಸುವವರೆಗೆ ತಲೆ ಎತ್ತುವುದಿಲ್ಲ. ಸೀಸ ಕರಗಿ ಹೊಳೆದು ಮಂಕಾಗುತ್ತದೆ, ಸಣ್ಣದೊಂದು ಹೊಗೆ ಏಳುತ್ತದೆ, ಅವರು ಬಾಯಿಯಿಂದ ಊದುತ್ತಾರೆ. ಸ್ವಿಚ್ ಹಾಕಿದ ಕೂಡಲೇ ಸ-ಪ ಹೊರಟು ಮಳೆಯ ಸದ್ದಿನೊಳಗೆ ನಿಲ್ಲುತ್ತದೆ. ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಕೊಳಲು ನುಡಿಸುವ ಜಿ. ರಾಜನಾರಾಯಣ್ ಅವರು ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದ್ದು 1979ರಲ್ಲಿ. ಅಲ್ಲಿಂದ ಹೊರಟ ನಾದ ಈಗ ಕರಾವಳಿಯ ಪ್ರತಿ ಭಜನಾ ಮಂದಿರದ ಕಪಾಟಿನಲ್ಲಿದೆ. ಅದನ್ನು ಸರಿಮಾಡುವ ಕೈಗಳು ಮಾತ್ರ ಕಡಿಮೆಯಾಗುತ್ತಿವೆ.

ಇವತ್ತು ಅವರ ಚೀಲದಲ್ಲಿ ಬೇರೆ ಸಾಮಾನು. ಮೀಟರು, ಬ್ರಶ್ಶು, ಸ್ಪಿರಿಟ್ ಬಾಟಲಿ, ಬಲ್ಬು ಸಿಕ್ಕಿಸಿದ ಸೀರೀಸ್ ಬೋರ್ಡು. ಎರಡು ಗಲ್ಲಿ ಆಚೆ ಒಂದು ಕ್ರೈಸ್ತರ ಮನೆಯಲ್ಲಿ ಹಳೆಯ ಆರ್ಗನ್ ಇದೆ. ಸರಿ ಮಾಡುವುದೋ, ಗುಜರಿಗೆ ಹಾಕುವುದೋ ಎಂದು ನೋಡಿ ಹೇಳಬೇಕು. ಬನ್ನಿ, ಅವರ ಕೊಡೆಯ ಹಿಂದೆಯೇ ನಡೆಯೋಣ.

ಅಂಗಳದಲ್ಲಿ ಹರಡಿದ ಗೊರಟೆ, ದಾಸವಾಳ. ಮೊಂತಿ ಹಬ್ಬದ ನೊವೆನಾ ಪ್ರಾರ್ಥನೆಗೆ ಮಕ್ಕಳು ದಿನಾ ಹೂ ಒಯ್ಯುವ ಕಾಲ. ಸೆಪ್ಟೆಂಬರ್ 8ಕ್ಕೆ ಹಬ್ಬ, ಹೊಸ ತೆನೆ, ತರಕಾರಿ ಊಟ. ಒಳಗೆ ಚಾವಡಿಯ ಮೂಲೆಯಲ್ಲಿ, ಕಸೂತಿ ಹಾಕಿದ ಬಟ್ಟೆಯ ಕೆಳಗೆ, ಮದುವೆ ಫೋಟೊಗಳನ್ನೂ ಮೇರಿಮಾತೆಯ ಪ್ರತಿಮೆಯನ್ನೂ ಹೊತ್ತುಕೊಂಡು ಆ ಪೆಟ್ಟಿಗೆ ನಿಂತಿದೆ. ಮನೆಯ ಅಜ್ಜಿ ಒಂದೊಂದೇ ಫೋಟೊ ಎತ್ತಿ ಸೆರಗಿನಿಂದ ಒರಸಿ ಸೋಫಾದ ಮೇಲಿಡುತ್ತಾರೆ, ಬಟ್ಟೆಯನ್ನು ಮಡಚುತ್ತಾರೆ. ಮುಚ್ಚಳ ತೆರೆದಾಗ ನುಸಿಗುಳಿಗೆಯ ವಾಸನೆ ಗಪ್ಪೆಂದು ಬರುತ್ತದೆ. ಮೆಟ್ಟಿಲಂತೆ ಎರಡು ಕೀ ಸಾಲು, ಒಂದೊಂದರಲ್ಲಿ 44 ಮನೆ. ಬಿಳಿ ಮನೆಗಳು ಹಳದಿಗೆ ತಿರುಗಿವೆ. ಕಾಲಡಿಯಲ್ಲಿ 13 ಮರದ ಪೆಡಲು, ಬಲಗಾಲಿಗೆ ಧ್ವನಿ ಏರಿಸುವ ಇನ್ನೊಂದು. ನೆತ್ತಿಯ ಮೇಲೆ ಮೂರು ಶ್ರುತಿಕವೆ ಒಂದನ್ನೊಂದು ದಾಟಿದ ಗುರುತು: ಯಮಾಹಾ ಎಲೆಕ್ಟೋನ್.

"ಬಹ್ರೇನ್‌ನಿಂದ ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಲಾರಿಯಲ್ಲಿ ಇಲ್ಲಿಗೆ. ಆಗ ರೈಲೆಲ್ಲಿ ಇತ್ತು?" ಎನ್ನುತ್ತಾರೆ ಅಜ್ಜಿ. ಕೊಂಕಣ ರೈಲು ಓಡಿದ್ದು 1998ರಲ್ಲಿ. ಇದು ಬಂದದ್ದು ಅದಕ್ಕೂ ಹದಿನೈದು ವರ್ಷ ಮೊದಲು. ಗಂಡ ಗಲ್ಫಿನ ದುಡಿಮೆಯಲ್ಲಿ ಉಳಿಸಿ ಕೊಂಡದ್ದು. ರಜೆಗೆ ಬಂದಾಗ ನುಡಿಸುತ್ತಿದ್ದರು, ಗಾಯನ ಮಂಡಳಿಯವರು ಇದೇ ಚಾವಡಿಯಲ್ಲಿ ಕುಳಿತು ಕೊಂಕಣಿ ಗೀತೆ ಅಭ್ಯಾಸ ಮಾಡುತ್ತಿದ್ದರು. 1960ರ ದಶಕದ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಲ್ಯಾಟಿನ್ ಬಿಟ್ಟು ಜನರ ಭಾಷೆಗೆ ಬಂದಿತ್ತು. ಹಾಡು ಬೇಕಿತ್ತು, ಹಾಡಿಗೆ ಜೊತೆ ಬೇಕಿತ್ತು. ಕೊಳವೆಗಳ ದೊಡ್ಡ ಆರ್ಗನ್ ಕೊಳ್ಳುವ ಶಕ್ತಿ ಸಣ್ಣ ಇಗರ್ಜಿಗಳಿಗೆ ಇರಲಿಲ್ಲ. ಇದ್ದರೂ ಈ ತೇವಕ್ಕೆ ಅದರ ಮರ ಉಬ್ಬುತ್ತದೆ, ತೊಗಲು ಕೊಳೆಯುತ್ತದೆ. ಹಾಗಾಗಿ ಹಾರ್ಮೋನಿಯಂ, ಆಮೇಲೆ ಕರೆಂಟಿನ ಆರ್ಗನ್.

"ಇದಕ್ಕೆ ಜೀವ ಉಂಟಾ ಇಲ್ವಾ, ಅಷ್ಟು ಹೇಳಿ ಸಾಕು."

"ಸ್ವಲ್ಪ ತಾಳಿ ಬಾಯಮ್ಮಾ. ಮೊದ್ಲು ಒಳಗೆ ನೋಡುವ."

ಹಿಂಬದಿಯ ಹಲಗೆಯ ಸ್ಕ್ರೂಗಳು ತುಕ್ಕಿನಿಂದ ಕಿರುಗುಟ್ಟುತ್ತ ಬಿಚ್ಚಿಕೊಳ್ಳುತ್ತವೆ. ಟಾರ್ಚಿನ ಬೆಳಕಿನಲ್ಲಿ ಬಣ್ಣಬಣ್ಣದ ವಯರುಗಳ ಕಟ್ಟು, ಅಚ್ಚುಕಟ್ಟಾಗಿ ನೂಲಿನಿಂದ ಬಿಗಿದದ್ದು. ಸ್ಪೀಕರಿನ ಚೌಕಟ್ಟಿಗೆ ಕಣಜ ಕಟ್ಟಿದ ಮಣ್ಣಿನ ಗೂಡು. ಒಂದು ಮೂಲೆಯಲ್ಲಿ ಇಲಿ ಎಳೆದು ತಂದ ಹತ್ತಿ, ಒಂದು ಬೋರ್ಡಿನ ಮೇಲೆ ಒಣಗಿ ಕಾಗದವಾದ ಹಲ್ಲಿ. ರಿಪೇರಿಯವರು ಏನೂ ಹೇಳದೆ ಬ್ರಶ್ಶು ಹಿಡಿಯುತ್ತಾರೆ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಧೂಳು ಇನ್ನೊಂದು ಬೋರ್ಡಿಗೆ ಬೀಳದ ಹಾಗೆ. ಇಲಿ ಕಡಿದ ಎರಡು ವಯರುಗಳನ್ನು ಜೋಡಿಸಿ ತೋಳು ಹಾಕುತ್ತಾರೆ. ಆಮೇಲೆ ತಗಡಿನ ಮೇಲಿನ ವೋಲ್ಟೇಜ್ ಓದುತ್ತಾರೆ. ಜಪಾನಿನ ಮನೆಗಳಿಗೆ ಮಾಡಿದ್ದಾದರೆ 100 ವೋಲ್ಟು, ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೇಹೋಗುತ್ತದೆ. ಇದು ಹೊರದೇಶಕ್ಕೆ ಮಾಡಿದ್ದು. ಆಯ್ಕೆಯ ಗುಂಡಿ 220ರಲ್ಲಿದೆ.

ಈಗ ಸೀರೀಸ್ ಬೋರ್ಡು. ಕರೆಂಟು ಮೊದಲು 100 ವ್ಯಾಟಿನ ಹಳೆಯ ಬಲ್ಬಿನ ಮೂಲಕ ಹಾದು ಮತ್ತೆ ಆರ್ಗನ್ನಿಗೆ ಹೋಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ನಿಲ್ಲುತ್ತದೆ, ಯಂತ್ರ ಉಳಿಯುತ್ತದೆ. ವರ್ಷಗಟ್ಟಲೆ ಮಲಗಿದ ಯಂತ್ರವನ್ನು ಎಬ್ಬಿಸಲು ಇದಕ್ಕಿಂತ ಅಗ್ಗದ, ಇದಕ್ಕಿಂತ ನಂಬಿಕೆಯ ಉಪಾಯ ನಾನು ಕಂಡಿಲ್ಲ. ಅಡುಗೆಕೋಣೆಯಿಂದ ಮೊಮ್ಮಗಳೂ ಬಂದು ನಿಂತಳು. ಸ್ವಿಚ್. ಬಲ್ಬು ಭಗ್ಗನೆ ಹೊತ್ತಿತು. ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡರು. ಬೆಳಕು ನಿಧಾನಕ್ಕೆ ಕುಗ್ಗಿ ಕೆಂಪು ಎಳೆಯಾಯಿತು. ಸ್ಪೀಕರಿನಿಂದ ಗುಂಯ್ ಎಂಬ ದಪ್ಪ ಸದ್ದು. "ಶಾರ್ಟ್ ಇಲ್ಲ. ಈ ಗುಂಯ್ ಎಂತದ್ದೂಂದ್ರೆ, ಕಂಡೆನ್ಸರ್ ಒಣಗಿದೆ. ಅದು ಬದಲಿಸ್ಲಿಕ್ಕೆ ದೊಡ್ಡ ವಿಷಯ ಅಲ್ಲ."

ಹುಡುಗಿ ಮೇಲಿನ ಸಾಲಿನಲ್ಲಿ ಒಂದೊಂದೇ ಮನೆ ಒತ್ತಿದಳು. ಡೋ, ರೇ, ಮೀ. ಕೆಲವು ಚರಚರ ಎಂದು ತಡವರಿಸಿ ಹೊರಟವು, ಕೆಲವು ಎರಡನೆಯ ಸಲಕ್ಕೆ. ಫ್ಲೂಟಿನ ಗುಂಡಿಯ ಕೆಳಗಿನ ಸ್ವರ ದುಂಡಗೆ, ಬೆಚ್ಚಗೆ, ಈಗಿನ ಕೀಬೋರ್ಡುಗಳ ಹೊಳಪಿಲ್ಲದೆ. ಬಲಗಡೆಯ ಫಾ ಚೆನ್ನಾಗಿಯೇ ಹಾಡಿತು. ಅದರ ಕೆಳಗಿನ ಫಾಗಳೆಲ್ಲ ಸತ್ತಿವೆ. ಕೆಳಗಿನ ಕೀ ಸಾಲಿನಲ್ಲೂ ಅವೇ ಫಾಗಳು ಮೂಕ. ರಿಪೇರಿಯವರ ಮುಖ ಅರಳಿತು. ದೋಷ ಎಲ್ಲಿದೆಯೆಂದು ಆ ಮೌನವೇ ಹೇಳಿಬಿಟ್ಟಿತ್ತು. ಇಂಥ ಆರ್ಗನ್ನಿನಲ್ಲಿ ಅತಿ ಮೇಲಿನ 12 ಸ್ವರಗಳನ್ನು ಮಾತ್ರ ಹುಟ್ಟಿಸುತ್ತಾರೆ. ಮಿಕ್ಕವೆಲ್ಲ ಅವನ್ನು ಎರಡರಿಂದ ಭಾಗಿಸುತ್ತ ಇಳಿಯುವುದು. ಸೆಕೆಂಡಿಗೆ 440 ಕಂಪನದ ಸ್ವರವನ್ನು ಅರ್ಧ ಮಾಡಿದರೆ 220, ಮತ್ತೆ ಅರ್ಧ ಮಾಡಿದರೆ 110. ಮೇಲಿನ ಮನೆಯ ಹತ್ತಿರ ನಳ್ಳಿ ಕಟ್ಟಿದರೆ ಕೆಳಗಿನ ಮನೆಗಳಿಗೆಲ್ಲ ನೀರು ನಿಲ್ಲುವ ಹಾಗೆ, ಭಾಗಿಸುವ ಒಂದು ಮೆಟ್ಟಿಲು ಹೋದರೆ ಅದರಿಂದ ಕೆಳಗಿನವೆಲ್ಲ ಹೋಗುತ್ತವೆ. ಕೆಟ್ಟದ್ದು ಒಂದೇ ಐಸಿ. ಆ ಐಸಿ ಈಗ ಯಾರೂ ಮಾಡುವುದಿಲ್ಲ. ಆದರೆ ಎರಡರಿಂದ ಭಾಗಿಸುವ ಕೆಲಸಕ್ಕೆ 4024 ಎಂಬ ಸಾದಾ ಐಸಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ವೋಲ್ಟೇಜ್ ಹೊಂದಿಸಿ ಚಿಕ್ಕ ಬೋರ್ಡಿನಲ್ಲಿ ಕೂರಿಸಬೇಕು.

ಇದು ಅಮೆರಿಕದ ಹ್ಯಾಮಂಡ್ ಆಗಿದ್ದರೆ ಕಥೆಯೇ ಬೇರೆ. ಗಡಿಯಾರ ಮಾಡುತ್ತಿದ್ದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಮಾರಾಟಕ್ಕೆ ತಂದ ಆರ್ಗನ್ನಿನೊಳಗೆ ತಿರುಗುವ ಹಲ್ಲಿನ ಚಕ್ರಗಳಿವೆ, ಅವುಗಳ ಮೋಟಾರು ಕರೆಂಟಿನ ತಾಳಕ್ಕೆ ಕಟ್ಟುಬಿದ್ದದ್ದು. ಅಲ್ಲಿನ 60 ಹರ್ಟ್ಸ್‌ಗೆ ಮಾಡಿದ್ದನ್ನು ನಮ್ಮ 50ಕ್ಕೆ ಸಿಕ್ಕಿಸಿದರೆ ಇಡೀ ವಾದ್ಯ ಸುಮಾರು ಮೂರು ಮನೆ ಕೆಳಗಿಳಿದು ಹಾಡುತ್ತದೆ. ಯಮಾಹಾ 1959ರಲ್ಲಿ ಮೊದಲ ಎಲೆಕ್ಟೋನ್ ಮಾಡಿದಾಗಲೇ ಟ್ರಾನ್ಸಿಸ್ಟರ್ ಹಿಡಿಯಿತು, ಈ ತೊಡಕು ಇದಕ್ಕಿಲ್ಲ.

ಚಾ ಬಂತು, ಬಿಸಿ ಗೋಳಿಬಜೆ ಬಂತು. ಫೋನಿನಲ್ಲಿ ಹೊರದೇಶದ ಮಗ, ಹಳೆಯದು ಬಿಟ್ಟು ಹೊಸದು ಕೊಳ್ಳಿ ಎನ್ನುತ್ತಾನೆ. ಅವನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಹೊಸ ಕೀಬೋರ್ಡು ಕಂಕುಳಲ್ಲಿ ಎತ್ತಿಕೊಂಡು ಹೋಗಬಹುದು, ನೂರಾರು ಸ್ವರಗಳಿವೆ, ಇದನ್ನು ಸರಿಸಲು ಮೂವರು ಬೇಕು. ಅವನ ಗೆಳೆಯನೊಬ್ಬನ ಸಲಹೆ ಇನ್ನೊಂದು: ಒಳಗಿನದೆಲ್ಲ ಕಿತ್ತು ಕಂಪ್ಯೂಟರಿನ ಸ್ವರ ತುಂಬಿಸಿ, ಹೊರಗಿನ ಮರ ಹಾಗೇ ಇರಲಿ. ಈ ಎರಡನೆಯದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ನಾಲ್ಕು ದಶಕದ ಹಿಂದೆ ಯಾರೋ ಕೂತು ನೂಲಿನಿಂದ ಬಿಗಿದ ಆ ವಯರು, ಒಂದು ಫಾ ಹೋದರೆ ಎಲ್ಲಿ ಹೋಯಿತೆಂದು ಕಿವಿಗೇ ಹೇಳುವ ಆ ವ್ಯವಸ್ಥೆ, ಅದೇ ಈ ವಾದ್ಯ. ಅದನ್ನು ಕಿತ್ತರೆ ಉಳಿಯುವುದು ಮೇಜು.

ನುಡಿಸುವ ರೀತಿಯೂ ಇದೆ. ಹುಡುಗಿ ಗಾಯನ ಮಂಡಳಿಯಲ್ಲಿ ಕೀಬೋರ್ಡ್ ನುಡಿಸುತ್ತಾಳೆ, ಬೆರಳು ಚುರುಕು. ಬೆಂಚಿನ ಮೇಲೆ ಕುಳಿತು ಬಲಗೈಯನ್ನು ಮೇಲಿನ ಸಾಲಿಗೂ ಎಡಗೈಯನ್ನು ಕೆಳಗಿನದಕ್ಕೂ ಇಟ್ಟಳು. "ಎಡಗಾಲು ಎಲ್ಲಿ? ಅವರು ಚಪ್ಪಲಿ ಹಾಕ್ತಿರಲಿಲ್ಲ, ಬರಿಗಾಲಿನಲ್ಲಿ ತಡವಿ ಹುಡುಕ್ತಿದ್ರು" ಎಂದರು ಅಜ್ಜಿ. ಹೆಬ್ಬೆರಳು ಪೆಡಲು ಮುಟ್ಟಿದಾಗ ಮಂದ್ರದ ಡೋ ನೆಲದಿಂದಲೇ ಎದ್ದು ಬಂತು, ಕಿಟಕಿಯ ಗಾಜು ನಡುಗಿತು. ಎರಡು ಕೈ, ಎರಡು ಕಾಲು ನಾಲ್ಕು ಬೇರೆ ಕೆಲಸ ಮಾಡುತ್ತ ಒಂದೇ ಹಾಡನ್ನು ಹೊರಡಿಸುವ ಈ ವಿದ್ಯೆ ಸ್ಟ್ಯಾಂಡಿನ ಮೇಲಿಟ್ಟ ಕೀಬೋರ್ಡಿನಲ್ಲಿ ಬರುವುದಿಲ್ಲ. ಕಲಿಯಲು ಮನೆಯಲ್ಲೇ ಒಬ್ಬಳಿದ್ದಾಳೆ ಎಂಬುದೇ ನನಗೆ ರಿಪೇರಿಯ ಪರವಾದ ದೊಡ್ಡ ಕಾರಣ. ಯಾರೂ ನುಡಿಸದ ಮನೆಯಾಗಿದ್ದರೆ, ನುಡಿಸುವವರಿಗೆ ಕೊಟ್ಟುಬಿಡಿ ಎಂದೇ ಹೇಳುತ್ತಿದ್ದೆ. ಈ ಉಪ್ಪುಗಾಳಿಗೆ ಸುಮ್ಮನಿರುವ ಕೀಗಳ ಕೆಳಗಿನ ಸಂಪರ್ಕಗಳು ಕಪ್ಪಾಗುತ್ತವೆ. ದಿನಾ ಒತ್ತುತ್ತಿದ್ದರೆ ಉಜ್ಜಿ ಉಜ್ಜಿ ತಾವೇ ಚೊಕ್ಕಟವಿರುತ್ತವೆ.

ಯಮಾಹಾ ಹುಟ್ಟಿದ್ದೇ ಒಂದು ರಿಪೇರಿಯಿಂದ. 1887ರಲ್ಲಿ ಜಪಾನಿನ ಹಮಾಮಾತ್ಸುವಿನ ಶಾಲೆಯೊಂದರಲ್ಲಿ ಪರದೇಶದ ಆರ್ಗನ್ ಕೆಟ್ಟಿತು. ತೊರಾಕುಸು ಯಮಾಹಾ ಎಂಬ ರಿಪೇರಿಯವನನ್ನು ಕರೆಸಿದರು. ಅವನು ಬಿಚ್ಚಿ, ಸರಿಮಾಡಿ, ಒಳಗಿನದನ್ನೆಲ್ಲ ನೋಡಿಕೊಂಡು ತಾನೇ ಒಂದನ್ನು ಮಾಡಿದ. ಹೆಗಲ ಮೇಲೆ ಹೊತ್ತು ಹಾಕೋನೆ ಬೆಟ್ಟ ದಾಟಿ ಟೋಕಿಯೊಗೆ ಒಯ್ದು ತಿಳಿದವರಿಂದ ಪರೀಕ್ಷೆ ಮಾಡಿಸಿದ. ಇದನ್ನು ಹೇಳಿದಾಗ ರಿಪೇರಿಯವರು ಬಜೆ ಅಗಿಯುವುದನ್ನು ನಿಲ್ಲಿಸಿ ಕೇಳಿದರು, "ಹೌದಾ? ನಮ್ಮವನೇ ಹಾಗಾದ್ರೆ" ಎಂದರು.

ಕೊನೆಗೆ ಕೆಲಸದ ಸರದಿ ನಿರ್ಧಾರವಾಯಿತು. ಮೊದಲು ಪವರ್ ಸಪ್ಲೈಯ ಕಂಡೆನ್ಸರುಗಳು. ಆಮೇಲೆ ಎರಡೂ ಸಾಲಿನ ಸಂಪರ್ಕ ಸ್ಪಿರಿಟ್ಟಿನಲ್ಲಿ ಒರಸುವುದು, ಮರಳುಕಾಗದ ಮುಟ್ಟಿಸಬಾರದು, ಬೆಳ್ಳಿಯ ಲೇಪ ಕಿತ್ತುಹೋಗುತ್ತದೆ. ಮೂರನೆಯದು ಫಾ. ವಾಲ್ಟ್ಜ್, ಬೊಸ್ಸಾನೋವಾ ತಾಳ ಬಾರಿಸುವ ಪೆಟ್ಟಿಗೆ ಸದ್ಯ ಹಾಗೇ ಇರಲಿ. ಮರದ ಪಾಲಿಶ್ ಮಳೆ ಕಳೆದ ಮೇಲೆ.

"ಹಬ್ಬಕ್ಕೆ ಆಗ್ತದಾ?"

"ಈ ಹಬ್ಬಕ್ಕೆ ಇಲ್ಲ ಬಾಯಮ್ಮಾ. ಕ್ರಿಸ್ಮಸ್ಸಿಗೆ ನೋಡುವ. ಆದ್ರೆ ದಿನಾ ಅರ್ಧ ಗಂಟೆ ಯಾರಾದ್ರೂ ಒತ್ಲೇಬೇಕು, ಇಲ್ಲದಿದ್ರೆ ನಾನು ಮುಟ್ಟುದಿಲ್ಲ."

ಹುಡುಗಿ ಆಗಲೇ ತಲೆಯಾಡಿಸಿದ್ದಾಳೆ. ಅವರು ಜೇಬಿನಿಂದ ಚೀಟಿ ತೆಗೆದು ಎಸ್.ಪಿ. ರಸ್ತೆಗೆ ಕಳುಹಿಸಬೇಕಾದ ಪಟ್ಟಿ ಬರೆಯತೊಡಗುತ್ತಾರೆ: ಕಂಡೆನ್ಸರಿನ ಅಳತೆಗಳು, ಫ್ಯೂಸ್, 4024 ಐಸಿ ಎರಡು.

"ಒಂದೇ ಅಲ್ವಾ ಹೋಗಿದ್ದು?" ಎಂದು ಅಜ್ಜಿ ಕೇಳುತ್ತಾರೆ.

"ಇನ್ನು ಹನ್ನೊಂದು ಸ್ವರ ಉಂಟಲ್ಲ, ಅವಕ್ಕೂ ಅಷ್ಟೇ ಪ್ರಾಯ ಆಗಿದೆ" ಎನ್ನುತ್ತ ಅವರು ಎರಡನ್ನು ಹೊಡೆದು ನಾಲ್ಕು ಮಾಡುತ್ತಾರೆ.