ಅಣ್ಣನ ಜೀನ್ಸು, ನನ್ನ ಲೇಸರು

ಮೊನ್ನೆ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಡಿಗ್ರಿಯ ಗೆಳತಿಯೊಬ್ಬಳು ಸಿಕ್ಕಿದ್ದಳು. ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದಾಳಂತೆ. ‘ನೀನೇನ್ ಓದ್ತಿದೀಯೇ?’ ಎಂದಳು. ‘ಫೋಟಾನಿಕ್ಸ್’ ಎಂದೆ. ‘ಫೋಟೋ ತೆಗೆಯೋದು ಕಲಿಯೋಕೆ ಕೊಚ್ಚಿವರೆಗೂ ಹೋಗ್ಬೇಕಾ?’ ಎಂದು ನಕ್ಕಳು. ಅವಳದೇನೂ ತಪ್ಪಿಲ್ಲ. ಎಂ.ಎಸ್ಸಿ ಮುಗಿಯುವವರೆಗೆ ನನಗೂ ಇದು ಹೀಗೊಂದು ಓದು ಎಂದು ಗೊತ್ತಿರಲಿಲ್ಲ.

ನಮ್ಮದು ಕುರುಗೋಡು. ಅಪ್ಪನಿಗೆ ಎರಡು ಎಕರೆ ಹೊಲ, ಮಳೆ ಬಂದರೆ ಮೆಣಸಿನಕಾಯಿ, ಬಾರದಿದ್ದರೆ ಸಾಲ. ಅವ್ವನ ತವರು ಸಿರುಗುಪ್ಪದ ಹತ್ತಿರ. ಅಣ್ಣ ಪಿಯುಸಿಗೇ ಓದು ಬಿಟ್ಟು ಬಳ್ಳಾರಿಯ ಕೌಲ್‌ಬಜಾರ್ ಸೇರಿದ. ಜೀನ್ಸ್ ಪ್ಯಾಂಟಿನ ತೊಡೆ, ಮೊಣಕಾಲಿನ ಹತ್ತಿರ ಬಣ್ಣ ಮಾಸಿದ ಹಾಗೆ ಕಾಣುತ್ತದಲ್ಲ, ಅದು ತಾನಾಗಿ ಮಾಸಿದ್ದಲ್ಲ. ಪ್ಯಾಂಟಿನೊಳಗೆ ಗಾಳಿ ತುಂಬಿದ ಬಲೂನೋ ಹಲಗೆಯೋ ಇಟ್ಟು, ಸ್ಯಾಂಡ್ ಪೇಪರಿನಿಂದ ಒಬ್ಬ ಮನುಷ್ಯ ಉಜ್ಜಿ ಉಜ್ಜಿ ಮಾಸಿಸಿದ್ದು. ಆ ಮನುಷ್ಯ ನಮ್ಮಣ್ಣ. ಒಂದು ಪೀಸಿಗೆ ಇಷ್ಟು ಎಂದು ಕೂಲಿ. ಸಂಜೆ ಅವನ ಉಗುರು, ಮೂಗಿನ ಹೊಳ್ಳೆ, ಕೂದಲ ಬುಡ ಎಲ್ಲ ನೀಲಿ. ನನ್ನ ಬಿ.ಎಸ್ಸಿ, ಆಮೇಲೆ ಇಲ್ಲಿನ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಎಂ.ಎಸ್ಸಿ ಭೌತಶಾಸ್ತ್ರ ಎರಡಕ್ಕೂ ಫೀಸು ಕಟ್ಟಿದ್ದು ಆ ನೀಲಿ ದುಡ್ಡೇ.

ಎಂ.ಎಸ್ಸಿ ಆದಮೇಲೆ ಮನೆಯಲ್ಲಿ ‘ಬಿ.ಇಡಿ ಮಾಡಿ ಮೇಷ್ಟ್ರಾಗು’ ಎಂದರು. ನಾನು ಗೇಟ್ ಪರೀಕ್ಷೆ ಕಟ್ಟಿದೆ. ಭೌತಶಾಸ್ತ್ರದವರಿಗೂ ಗೇಟ್ ಇದೆ ಎಂಬುದು ನಮ್ಮ ಕಡೆ ಎಷ್ಟೋ ಮಂದಿಗೆ ತಿಳಿದಿಲ್ಲ. ಪಿಎಚ್ ಎಂಬ ಪತ್ರಿಕೆ, ಮೂರು ತಾಸು, 65 ಪ್ರಶ್ನೆ, 100 ಅಂಕ. ಸ್ಕೋರು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಮೊದಲ ಸಲ ಫೇಲಾದೆ, ಎರಡನೆಯ ಸಲ ಪಾಸಾದೆ. ಗೇಟ್ ಮೂಲಕ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಉಂಟು ಎಂದು ಹೇಳಿದ ಮೇಲೆಯೇ ಅಪ್ಪ ಒಪ್ಪಿದ್ದು. ಆದರೂ ಮೊದಲ ತಿಂಗಳುಗಳ ಖರ್ಚಿಗೆ ಅವ್ವನ ಬೋರಮಾಳ ಅಡವಿಗೆ ಹೋಯಿತು. ಅದಿನ್ನೂ ಬಿಡಿಸಿಕೊಂಡಿಲ್ಲ.

ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ, ಅಂದರೆ ಕುಸಾಟ್‌ನಲ್ಲಿ 1995ರಿಂದ ಇಂಟರ್‌ನ್ಯಾಷನಲ್ ಸ್ಕೂಲ್ ಆಫ್ ಫೋಟಾನಿಕ್ಸ್ ಎಂಬ ವಿಭಾಗವಿದೆ. ಅಲ್ಲಿ ಆಪ್ಟೊಎಲೆಕ್ಟ್ರಾನಿಕ್ಸ್ ಮತ್ತು ಲೇಸರ್ ಟೆಕ್ನಾಲಜಿಯಲ್ಲಿ ಎಂ.ಟೆಕ್ ಮಾಡಬಹುದು. ಗುಂತಕಲ್ಲಿನಲ್ಲಿ ಕೇರಳದ ರೈಲು ಹತ್ತಿದೆ. ಬಳ್ಳಾರಿ ಬಿಸಿಲು ಬಿಟ್ಟು ಗೊತ್ತಿಲ್ಲದವಳಿಗೆ ಅಲ್ಲಿ ಮೊದಲ ವಾರ ಒಗೆದ ಬಟ್ಟೆಯೇ ಒಣಗಲಿಲ್ಲ.

ತರಗತಿಯಲ್ಲಿ ಎರಡು ಜಾತಿ: ಬಿ.ಟೆಕ್ ಮಾಡಿ ಬಂದವರು, ಎಂ.ಎಸ್ಸಿ ಮಾಡಿ ಬಂದವರು. ಅವರಿಗೆ ಸರ್ಕಿಟ್, ಪ್ರೋಗ್ರಾಮಿಂಗ್ ನೀರು ಕುಡಿದಷ್ಟು ಸುಲಭ. ನಮಗೆ ಕ್ವಾಂಟಮ್ ಗೊತ್ತು, ಬೆಸುಗೆ ಹಾಕಲು ಬಾರದು. ಮೊದಲ ಇಂಟರ್ನಲ್‌ನಲ್ಲಿ ನನಗೆ ಬಂದ ಅಂಕ ಹೇಳುವಂಥದ್ದಲ್ಲ. ಹೋಗುವವರಿದ್ದರೆ ಪೈಥಾನ್ ಕಲಿತು ಹೋಗಿ, ನಾನು ಅಳುತ್ತಾ ಕಲಿತೆ.

ಅಸಲು ವಿಷಯ ಶುರುವಾಗಿದ್ದು ಲೇಸರ್ ತರಗತಿಯಲ್ಲಿ. ಕಾರ್ಬನ್ ಡೈಆಕ್ಸೈಡ್ ಲೇಸರಿನ ಪಾಠ. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದದ್ದು ಕುಮಾರ್ ಪಟೇಲ್, ಹುಟ್ಟಿದ್ದು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ. ಹೆಮ್ಮೆಯಿಂದ ಬರೆದುಕೊಂಡೆ. ಮುಂದಿನ ಸ್ಲೈಡಿನಲ್ಲಿ ಅದರ ಉಪಯೋಗಗಳು: ಉಕ್ಕು ಕತ್ತರಿಸುವುದು, ಶಸ್ತ್ರಚಿಕಿತ್ಸೆ, ಅಕ್ರಿಲಿಕ್ ಕೆತ್ತನೆ, ಡೆನಿಮ್ ಫೇಡಿಂಗ್. ಕೊನೆಯದನ್ನು ಬರೆಯುತ್ತಾ ಪೆನ್ನು ನಿಂತಿತು.

ಕೆಲಸ ಹೀಗೆ. ಜೀನ್ಸಿನ ನೂಲಿಗೆ ನೀಲಿ ಬಣ್ಣ ಮೇಲ್ಮೈಯಲ್ಲಷ್ಟೇ ಅಂಟಿರುತ್ತದೆ, ಒಳತಿರುಳು ಬಿಳಿ. ಅಣ್ಣ ಉಜ್ಜುವುದು ಆ ಮೇಲಿನ ಪದರವನ್ನು. ಈ ಲೇಸರಿನ ಅಲೆಯುದ್ದ 10.6 ಮೈಕ್ರೋಮೀಟರ್, ನಮ್ಮ ಕಣ್ಣಿಗೆ ಕಾಣುವ ಬೆಳಕಿಗಿಂತ ಹದಿನೈದು ಪಟ್ಟಿಗೂ ಹೆಚ್ಚು ಉದ್ದ. ಹತ್ತಿ ಅದನ್ನು ಚೆನ್ನಾಗಿ ಹೀರುತ್ತದೆ, ಹೀರಿ ಕಾಯುತ್ತದೆ, ಮೇಲಿನ ಬಣ್ಣ ಸುಟ್ಟುಹೋಗುತ್ತದೆ. ಕಂಪ್ಯೂಟರಿನಲ್ಲಿ ಕಪ್ಪುಬಿಳುಪಿನ ಒಂದು ಚಿತ್ರ ಕೊಟ್ಟರೆ, ಸಣ್ಣ ಕನ್ನಡಿಗಳು ಸರಸರನೆ ಅಲ್ಲಾಡಿ ಕಿರಣವನ್ನು ಬಟ್ಟೆಯ ಮೇಲೆ ಓಡಿಸುತ್ತವೆ. ಚಿತ್ರದಲ್ಲಿ ಎಲ್ಲಿ ಹೆಚ್ಚು ಕಪ್ಪೋ ಅಲ್ಲಿ ಹೆಚ್ಚು ಸುಡುತ್ತದೆ. ದೂಳಿಲ್ಲ, ಸ್ಯಾಂಡ್ ಪೇಪರಿಲ್ಲ. ಅಣ್ಣನೂ ಇಲ್ಲ.

ಆ ರಾತ್ರಿ ಫೋನಿನಲ್ಲಿ ಅಣ್ಣ ‘ಇವತ್ತು ಏನ್ ಪಾಠ ಮಾಡಿದ್ರಮ್ಮ?’ ಎಂದ. ದಿನಾ ಕೇಳುತ್ತಾನೆ, ಅರ್ಧ ಅರ್ಥವಾಗದಿದ್ದರೂ. ‘ಏನೋ ಗ್ಯಾಸು’ ಎಂದು ಹಾರಿಸಿದೆ.

ರಜೆಗೆ ಬಂದಾಗ ಅವ್ವನ ಜೊತೆ ಸಿರುಗುಪ್ಪಕ್ಕೆ ಹೋದೆ. ತುಂಗಭದ್ರೆಯ ದಡದ ಊರು, ಎಲ್ಲಿ ನೋಡಿದರೂ ಭತ್ತ, ಅಕ್ಕಿ ಗಿರಣಿ. ಮದುವೆಗೆ ಮುಂಚೆಯೂ, ನಾನು ಹುಟ್ಟಿದ ಮೇಲೂ ಅವ್ವ ಅಲ್ಲಿನ ಒಂದು ಗಿರಣಿಯಲ್ಲಿ ಅಕ್ಕಿ ಆರಿಸಲು ಹೋಗುತ್ತಿದ್ದಳು. ಕಪ್ಪು ಕಾಳು, ಕಲ್ಲು, ನೆಲ್ಲು ಹೆಕ್ಕುವ ಕೆಲಸ. ‘ಒಂದಿನ ಮಷೀನ್ ಬಂತು, ನಮ್ಮನ್ನ ಬ್ಯಾಡ ಅಂದ್ರು’ ಎಂದು ಚಿಕ್ಕಂದಿನಿಂದ ಕೇಳಿದ್ದೆ. ಯಾವ ಮಷೀನ್ ಎಂದು ಕೇಳಿರಲಿಲ್ಲ. ಪರಿಚಯದ ಸಾಹುಕಾರರು ಒಳಗೆ ಬಿಟ್ಟರು. ನೋಡಿದರೆ ಸಾರ್ಟೆಕ್ಸ್! ಅಕ್ಕಿ ಚೀಲದ ಮೇಲೆ ನಾವೆಲ್ಲ ಓದುವ ಆ ಹೆಸರು ಮೂಲದಲ್ಲಿ ಲಂಡನ್ನಿನ ಒಂದು ಕಂಪನಿಯದು, ಝೆರಾಕ್ಸ್ ಎಂದ ಹಾಗೆ ಈಗ ಯಂತ್ರಕ್ಕೇ ಅಂಟಿದೆ. ಕಾಳುಗಳು ಇಳಿಜಾರು ತಗಡಿನಲ್ಲಿ ಜಾರಿ ಕೆಳಗೆ ಬೀಳುತ್ತವೆ. ಬೀಳುವಾಗ ಬೆಳಕು ಹಾಯಿಸಿ ಕ್ಯಾಮೆರಾ ನೋಡುತ್ತದೆ. ಬಣ್ಣಗೆಟ್ಟ ಕಾಳು ಕಂಡರೆ ಸಣ್ಣ ನಳಿಕೆಯಿಂದ ಗಾಳಿ ಫುಸ್ಸೆಂದು ಊದಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಬೆಳಕಿನ ಮೂಲ, ಸಿಲಿಕಾನ್ ಸೆನ್ಸರ್, ಸಿಗ್ನಲ್. ನನ್ನ ಎರಡನೆಯ ಸೆಮಿಸ್ಟರಿನ ಪುಸ್ತಕವೇ ಎದುರು ಕುಣಿಯುತ್ತಿತ್ತು.

ಅವ್ವ ಬಾಗಿಲ ಹೊರಗೇ ನಿಂತಿದ್ದಳು. ‘ಇದನ್ನೇ ಏನು ನೀನು ಓದ್ತಿರೋದು?’ ಎಂದಳು. ಹೌದೆಂದೆ. ‘ನಾವು ಆರಿಸಿದ್ರೂ ಒಂದೆರಡು ಕಲ್ಲು ಉಳೀತಿದ್ವು ಬಿಡು’ ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ವಾಪಸು ಹೋದಮೇಲೆ ಒಂದು ತಿಂಗಳು ಓದಲು ಮನಸ್ಸಿರಲಿಲ್ಲ. ಬಿಟ್ಟು ಬಂದು ಬಿ.ಇಡಿ ಸೇರಲೇ ಎಂದು ಅರ್ಜಿಯನ್ನೂ ನೋಡಿದ್ದೆ. ಬಿಡದಿರಲು ಕಾರಣ ದೊಡ್ಡ ಆದರ್ಶವೇನಲ್ಲ, ಅಡವಿಟ್ಟ ಬೋರಮಾಳ. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲ ದಿನಗಳ ತರಬೇತಿ ಸಿಕ್ಕಿತು. ಅಲ್ಲಿ 2010ರಲ್ಲಿ ಆರಂಭವಾದ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವಿದೆ, ‘ಸೆನ್ಸ್’ ಎನ್ನುತ್ತಾರೆ. ಕೇಂದ್ರ ಸರ್ಕಾರದ ಐಎನ್‌ಯುಪಿ ಎಂಬ ಕಾರ್ಯಕ್ರಮದಡಿ ಹೊರಗಿನ ಕಾಲೇಜುಗಳ ವಿದ್ಯಾರ್ಥಿಗಳಿಗೂ ಅಲ್ಲಿ ತರಬೇತಿ ಕೊಡುತ್ತಾರೆ. ಬಾಂಬೆ ಐಐಟಿಯಲ್ಲೂ ಇದೆ. ನಮ್ಮ ಭಾಗದವರು ಅರ್ಜಿ ಹಾಕುವುದೇ ಕಡಿಮೆ, ಹಾಕಿ.

ಕ್ಲೀನ್‌ರೂಮ್ ಎಂಬ ಲೋಕವನ್ನು ಅಲ್ಲಿ ಕಂಡೆ. ಕ್ಲಾಸ್ 100 ಎಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರೋಮೀಟರಿಗಿಂತ ದಪ್ಪದ ಕಣಗಳು ನೂರಕ್ಕಿಂತ ಹೆಚ್ಚಿರಬಾರದು. ಚಿಪ್ಪಿನ ಗೆರೆಗಳು ನ್ಯಾನೋಮೀಟರ್ ಲೆಕ್ಕದವು, ನಮ್ಮ ಕೂದಲೊಂದರ ದಪ್ಪವೇ ಸುಮಾರು 80,000 ನ್ಯಾನೋಮೀಟರ್. ಹಾಗಾಗಿ ಒಂದು ದೂಳಿನ ಕಣ ಬಿದ್ದರೂ ಬಂಡೆ ಬಿದ್ದ ಹಾಗೆ. ಬಿಲ್ಲೆಯ ಮೇಲೆ ಬಳಿಯುವ ಫೋಟೋರೆಸಿಸ್ಟ್ ನೀಲಿ ಮತ್ತು ಅತಿನೇರಳೆ ಬೆಳಕಿಗೆ ಕೆಡುತ್ತದೆಂದು ಆ ಕೋಣೆಯ ದೀಪಗಳೆಲ್ಲ ಹಳದಿ. ತಲೆಯಿಂದ ಪಾದದವರೆಗೆ ಬಿಳಿ ಉಡುಪು, ಮುಖಕ್ಕೆ ಮಾಸ್ಕ್. ಕನ್ನಡಿ ನೋಡಿಕೊಂಡಾಗ ಮೂಗಿಗೆ ಟವೆಲ್ ಕಟ್ಟಿಕೊಂಡ ಅಣ್ಣ ನೆನಪಾದ. ಅವನು ಕಟ್ಟಿಕೊಳ್ಳುವುದು ಬಟ್ಟೆಯ ದೂಳು ತನ್ನೊಳಗೆ ಹೋಗದಿರಲಿ ಎಂದು. ನಾನು ಹಾಕಿಕೊಂಡದ್ದು ನನ್ನ ದೂಳು ಚಿಪ್ಪಿಗೆ ತಾಗದಿರಲಿ ಎಂದು.

ಅಂದು ಸಂಜೆ ಫೋನ್ ಮಾಡಿ ಎಲ್ಲ ಹೇಳಿದೆ, ಲೇಸರಿನದೂ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನಂಗೆ ಗೊತ್ತಮ್ಮ. ಯೂಟ್ಯೂಬಲ್ಲಿ ಯಾವಾಗ್ಲೋ ನೋಡೀನಿ. ನೀನ್ ಯಾವಾಗ ಹೇಳ್ತೀಯ ಅಂತಿದ್ದೆ’ ಎಂದ.

ಕೆಲಸದ ಬಗ್ಗೆ ಕೇಳುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. ‘ಫೋಟಾನಿಕ್ಸ್ ಓದಿದವರು ಬೇಕಾಗಿದ್ದಾರೆ’ ಎಂಬ ಜಾಹೀರಾತು ಕಾಣುವುದೇ ಅಪರೂಪ. ಆಪ್ಟಿಕಲ್ ಎಂಜಿನಿಯರ್, ಟೆಸ್ಟ್ ಎಂಜಿನಿಯರ್, ಪ್ರೋಸೆಸ್ ಎಂಜಿನಿಯರ್ ಎಂಬ ಹೆಸರುಗಳಲ್ಲಿ ಹುಡುಕಬೇಕು. ಇಸ್ರೊ, ಡಿಆರ್‌ಡಿಒ, ಬಿಇಎಲ್‌ಗಳಲ್ಲಿ ಆಪ್ಟಿಕ್ಸ್ ಕೆಲಸವಿದೆ, ಸೀಟು ಕಡಿಮೆ, ಸ್ಪರ್ಧೆ ಹೆಚ್ಚು. ಸಂಶೋಧನೆಗೆ ಹೋದರೆ 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಕೇಂದ್ರ ಸರ್ಕಾರ 2021ರ ಕೊನೆಯಲ್ಲಿ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆ ಘೋಷಿಸಿದ ಮೇಲೆ ಈ ಓದಿನ ಬಗ್ಗೆ ವಿಚಾರಿಸುವವರು ಹೆಚ್ಚಾಗಿದ್ದಾರೆ. ವಿಚಾರಣೆ ಬೇರೆ, ಆಫರ್ ಲೆಟರ್ ಬೇರೆ. ನನ್ನ ಸಹಪಾಠಿಗಳಲ್ಲಿ ಒಂದಿಬ್ಬರು ಕೊನೆಗೆ ಸಾಫ್ಟ್‌ವೇರ್ ಸೇರಿದರು. ಸಾಲ ತೀರಿಸಬೇಕಿತ್ತು, ಅದರಲ್ಲಿ ಅವಮಾನವೇನಿಲ್ಲ.

ನನ್ನ ಕೊನೆಯ ವರ್ಷದ ಪ್ರಾಜೆಕ್ಟು ಬೆಂಗಳೂರಿನ ಒಂದು ಸಣ್ಣ ಲೇಸರ್ ವರ್ಕ್‌ಶಾಪಿನಲ್ಲಿ. ಬಟ್ಟೆಗೆ ಎಷ್ಟು ಶಕ್ತಿ, ಎಷ್ಟು ವೇಗ ಕೊಟ್ಟರೆ ನೂಲು ದುರ್ಬಲವಾಗದೆ ಬಣ್ಣ ಹೋಗುತ್ತದೆ ಎಂಬುದು ವಿಷಯ. ಆಯ್ದುಕೊಂಡದ್ದು ನಾನೇ. ದೀಪಾವಳಿ ಕಳೆದ ಮೇಲೆ ಅಣ್ಣ ನೋಡಲು ಬಂದ. ಕೆಲಸವಿಲ್ಲದ ವಾರವಂತೆ, ವಾಷಿಂಗ್ ಯೂನಿಟ್‌ಗೆ ಆರ್ಡರ್ ಇರಲಿಲ್ಲ. ಯಂತ್ರ ನಿಮಿಷದೊಳಗೆ ಎರಡೂ ಕಾಲು ಮುಗಿಸಿತು. ಅಣ್ಣ ಪ್ಯಾಂಟನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದ, ತಿರುವಿ ನೋಡಿದ.

‘ಎರಡೂ ಕಾಲು ಒಂದೇ ಥರ ಐತಲ್ಲ. ಹಾಕ್ಕೊಂಡು ಹಳೇದಾದ ಪ್ಯಾಂಟ್ ಹಿಂಗಿರಲ್ಲ. ಮನುಷ್ಯ ಒಂದೇ ಕಡಿಗೆ ಭಾರ ಹಾಕಿ ಕೂರ್ತಾನೆ. ಈ ಚಿತ್ರ ಯಾರ್ ಬರೆದ್ರು?’

ಆಪರೇಟರ್ ನಕ್ಕು, ಕೈಯಲ್ಲಿ ಉಜ್ಜಿದ ಪ್ಯಾಂಟೊಂದರ ಫೋಟೋ ತೆಗೆದು ಅದನ್ನೇ ತಿದ್ದಿದ್ದು ಎಂದ. ಅಣ್ಣ ಆ ಪರದೆಯ ಮುಂದೆ ಬಹಳ ಹೊತ್ತು ಕೂತ.

ಈಗ ಅವನು ಬೆಳಿಗ್ಗೆ ಉಜ್ಜುತ್ತಾನೆ, ಸಂಜೆ ರಾಯಲ್ ಸರ್ಕಲ್ ಹತ್ತಿರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಫೋಟೋಶಾಪ್ ಕಲಿಯುತ್ತಾನೆ. ಇದರಿಂದ ಕೂಲಿ ಹುಟ್ಟುತ್ತದೋ ಇಲ್ಲವೋ, ನನಗೆ ಭರವಸೆ ಕೊಡುವ ಧೈರ್ಯವಿಲ್ಲ, ಅವನೂ ಕೇಳಿಲ್ಲ. ಹೋದ ವಾರ ಮೊದಲ ಫೈಲ್ ಕಳಿಸಿದ. ರದ್ದಿ ಬಟ್ಟೆಯ ಮೇಲೆ ಓಡಿಸಿದೆ. ತೊಡೆಯ ಗೆರೆಗಳು ನಿಜಕ್ಕೂ ಅವನ ಕೈಯವೇ, ಗುರುತು ಹಿಡಿಯಬಹುದು. ಮೊಣಕಾಲಿನ ಹತ್ತಿರ ಮಾತ್ರ ಬಟ್ಟೆ ತೂತಾಗಿ ಹೊಗೆ ಬಂತು. ಫೋಟೋ ಕಳಿಸಿದೆ.

‘ಅಲ್ಲಿ ಕಪ್ಪು ಜಾಸ್ತಿ ಆಗೇತಮ್ಮ. ನಾಳೆ ಇನ್ನೊಂದು ಕಳಿಸ್ತೀನಿ, ಮಷೀನ್ ಖಾಲಿ ಇಟ್ಟಿರು’ ಎಂದು ವಾಯ್ಸ್ ಮೆಸೇಜ್ ಬಂತು, ಹಿಂದೆ ಯಾರೋ ಹೊಲಿಗೆ ಯಂತ್ರ ತುಳಿಯುವ ಸದ್ದಿನ ಜೊತೆ.