ಕಲ್ಲಿದ್ದಲಿನೊಳಗಿನ ಗಂಧಕ

ಕಲ್ಲಿದ್ದಲನ್ನು ಉರಿಸಿದಾಗ ಹೊಗೆ ಕಣ್ಣಿಗೆ ಕಾಣುವುದು, ಬೂದಿ ಕೈಗೆ ಸಿಕ್ಕುವುದು. ಇವುಗಳ ಜೊತೆಗೆ ಕಣ್ಣಿಗೂ ಕಾಣದೆ ಕೈಗೂ ಸಿಕ್ಕದೆ ಚಿಮಣಿಯಿಂದ ಹೊರಬೀಳುವ ಅನಿಲವೊಂದುಂಟು. ಕಲ್ಲಿದ್ದಲಿನಲ್ಲಿರುವ ಗಂಧಕವು ಉರಿದು ಗಾಳಿಯ ಆಮ್ಲಜನಕದೊಡನೆ ಕೂಡಿದಾಗ ಹುಟ್ಟುವ ಗಂಧಕದ ಡೈಆಕ್ಸೈಡೇ ಅದು. ಬೆಂಕಿಕಡ್ಡಿಯನ್ನು ಗೀರಿದೊಡನೆ ಮೂಗಿಗೆ ಬಡಿಯುವ ಘಾಟಿನಿಂದ ಅದರ ಪರಿಚಯ ನಮ್ಮೆಲ್ಲರಿಗೂ ಇದೆ. ಅದು ಶ್ವಾಸನಾಳಗಳನ್ನು ಕೆರಳಿಸುವುದು. ಮೋಡದ ನೀರಿನಲ್ಲಿ ಬೆರೆತು ಗಂಧಕಾಮ್ಲವಾಗಿ ಮಳೆಯೊಡನೆ ನೆಲಕ್ಕಿಳಿಯುವುದು. 1952ನೆಯ ಇಸವಿ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಮುಸುಕಿದ ಹೊಗೆಮಂಜಿನಲ್ಲಿ ಈ ಅನಿಲವೂ ಮಸಿಯೂ ಸೇರಿದ್ದುವು. ಅದರಿಂದ ಸತ್ತವರು ಸುಮಾರು 4,000 ಮಂದಿಯೆಂದು ಆಗ ಎಣಿಸಿದರು; ಅನಂತರದ ಸಂಶೋಧಕರು ಆ ಸಂಖ್ಯೆಯನ್ನು 12,000ದವರೆಗೂ ಏರಿಸಿದ್ದಾರೆ.

ಒಂದು ಕಿಲೋಗ್ರಾಂ ಗಂಧಕ ಉರಿದರೆ ಎರಡು ಕಿಲೋಗ್ರಾಂ ಅನಿಲವಾಗುವುದು. ನೂರಕ್ಕೆ ಅರ್ಧ ಪಾಲು ಮಾತ್ರ ಗಂಧಕವಿರುವ ಕಲ್ಲಿದ್ದಲನ್ನು ದಿನಕ್ಕೆ 10,000 ಟನ್ನಿನಂತೆ ಉರಿಸುವ ವಿದ್ಯುತ್ ಸ್ಥಾವರವೊಂದು ಪ್ರತಿದಿನವೂ ಸುಮಾರು 100 ಟನ್ ಅನಿಲವನ್ನು ಆಕಾಶಕ್ಕೆ ಬಿಡುವುದೆಂದಾಯಿತು. ಹಾಗಾದರೆ ಉರಿಸುವುದಕ್ಕೆ ಮೊದಲೇ ಗಂಧಕವನ್ನು ತೆಗೆದುಬಿಡಬಾರದೇಕೆ? ಪ್ರಶ್ನೆ ಸಹಜವಾದುದು. ಉತ್ತರವು ಗಂಧಕವು ಕಲ್ಲಿದ್ದಲಿನಲ್ಲಿ ಯಾವ ರೂಪದಲ್ಲಿದೆಯೆಂಬುದನ್ನು ಅವಲಂಬಿಸಿದೆ.

ಮುಖ್ಯವಾಗಿ ಅದು ಎರಡು ರೂಪಗಳಲ್ಲಿರುವುದು. ಮೊದಲನೆಯದು ಪೈರೈಟ್, ಕಬ್ಬಿಣವೂ ಗಂಧಕವೂ ಕೂಡಿದ, ಚಿನ್ನವೆಂಬ ಭ್ರಮೆಯನ್ನು ಹುಟ್ಟಿಸುವ ಹೊಳಪಿನ ಖನಿಜ. ಇದು ಕಣಗಳಾಗಿ ಕಲ್ಲಿದ್ದಲಿನ ನಡುವೆ ಹುದುಗಿರುವುದು. ಎರಡನೆಯ ರೂಪದಲ್ಲಿ ಗಂಧಕದ ಪರಮಾಣುಗಳು ಇಂಗಾಲದೊಡನೆಯೇ ರಾಸಾಯನಿಕವಾಗಿ ಬಂಧಿತವಾಗಿವೆ.

ಪೈರೈಟನ್ನು ತೆಗೆಯುವ ಉಪಾಯ ನಮ್ಮ ಅಡಿಗೆಮನೆಗೆ ಹೊಸದಲ್ಲ. ಅಕ್ಕಿಯನ್ನು ನೀರಿನಲ್ಲಿ ಜಾಲಿಸಿದಾಗ ಭಾರವಾದ ಕಲ್ಲು ತಳದಲ್ಲಿ ನಿಲ್ಲುವುದಷ್ಟೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಾಲಗಾರರು ಮರಳಿನಿಂದ ಹೊನ್ನಿನ ಕಣಗಳನ್ನು ಬೇರ್ಪಡಿಸುತ್ತಿದ್ದುದೂ ಹೀಗೆಯೇ. ಅಲ್ಲಿ ತಳಕ್ಕಿಳಿದುದು ಐಶ್ವರ್ಯ. ಇಲ್ಲಿ ತಳಕ್ಕಿಳಿದುದು ಕಸ. ಕಲ್ಲಿದ್ದಲಿನ ವಿಶಿಷ್ಟ ಗುರುತ್ವ ಸುಮಾರು 1.3, ಪೈರೈಟಿನದು ಸುಮಾರು 5. ಆದುದರಿಂದ ಕಲ್ಲಿದ್ದಲನ್ನು ಒಡೆದು, ಮ್ಯಾಗ್ನೆಟೈಟೆಂಬ ಕಬ್ಬಿಣದ ಅದಿರಿನ ನಯವಾದ ಪುಡಿಯನ್ನು ಕದಡಿದ ನೀರಿನಲ್ಲಿ ಹಾಕಿದರೆ, ಒಳ್ಳೆಯ ಕಲ್ಲಿದ್ದಲು ತೇಲುವುದು, ಪೈರೈಟೂ ಕಲ್ಲೂ ಮುಳುಗುವುವು. ಆ ಪುಡಿಯನ್ನು ಅಯಸ್ಕಾಂತದಿಂದ ಸೆಳೆದು ಮತ್ತೆ ಬಳಸುವರು. ಅತಿ ಸಣ್ಣ ಪುಡಿಗಲ್ಲಿದ್ದಲಿಗಾದರೆ ಸ್ವಲ್ಪ ಎಣ್ಣೆಯನ್ನು ಬೆರೆಸಿ ನೀರಿನೊಳಕ್ಕೆ ಗಾಳಿಯನ್ನು ಊದುವರು. ಕಲ್ಲಿದ್ದಲಿನ ಕಣಗಳು ಗುಳ್ಳೆಗಳಿಗಂಟಿಕೊಂಡು ನೊರೆಯೊಡನೆ ಮೇಲೇರುವುವು. ಅಮೆರಿಕದ ಅಪಲೇಚಿಯನ್ ಪ್ರಾಂತದ ಹಲವು ಗಣಿಗಳ ಕಲ್ಲಿದ್ದಲಿನಲ್ಲಿ ಪೈರೈಟ್ ಹೆಚ್ಚಾಗಿರುವುದರಿಂದ ಅಲ್ಲಿ ತೊಳೆಯುವುದು ಫಲಕಾರಿ.

ಆದರೆ ಅಕ್ಕಿಯೊಳಗಿನ ಕಲ್ಲನ್ನು ತೆಗೆಯಬಹುದು. ಸಾರಿನಲ್ಲಿ ಕರಗಿದ ಉಪ್ಪನ್ನು ತೆಗೆಯಲಾದೀತೆ? ಇಂಗಾಲದೊಡನೆ ಬೆಸೆದ ಗಂಧಕವು ಯಾವ ತೊಳೆತಕ್ಕೂ ಜಗ್ಗದು. ರಾಸಾಯನಿಕ ವಿಧಾನಗಳು ಪ್ರಯೋಗಶಾಲೆಗಳಲ್ಲಿ ಉಂಟಾದರೂ ವೆಚ್ಚ ಅಪಾರ. ಭಾರತದ ಕಷ್ಟವಿರುವುದು ಇಲ್ಲಿಯೇ. ಅಸ್ಸಾಮಿನ ಮಾಕುಮ್ ಪ್ರಾಂತದ ಕಲ್ಲಿದ್ದಲಿನಲ್ಲಿ ಬೂದಿ ಕಡಿಮೆ, ಗಂಧಕ ಹೆಚ್ಚು. ಆ ಗಂಧಕದ ಬಹುಭಾಗ ಹೀಗೆ ಬೆಸೆದುಕೊಂಡಿರುವಂಥದು. ಝರಿಯಾ, ತಾಲ್ಚೇರ್, ಗೋದಾವರಿ ಕಣಿವೆಯ ಸಿಂಗರೇಣಿ ಮೊದಲಾದ ಗೊಂಡ್ವಾನಾ ಗಣಿಗಳಲ್ಲಿ ಗಂಧಕವು ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಬೂದಿ ಮಾತ್ರ ಅನೇಕ ಕಡೆ ನೂರಕ್ಕೆ 30ರಿಂದ 45. ಗಣಿಗಳಿಲ್ಲದ ಕರ್ನಾಟಕಕ್ಕೆ, ರಾಯಚೂರಿನ ಶಕ್ತಿನಗರದ ಸ್ಥಾವರಕ್ಕೆ, ರೈಲಿನಲ್ಲಿ ಬರುವುದು ಹೊರಗಿನ ಕಲ್ಲಿದ್ದಲು. ತೊಳೆದು ತಂದರೆ ಕಲ್ಲನ್ನು ಸಾಗಿಸುವ ವೆಚ್ಚ ಉಳಿಯುವುದು, ಬೂದಿ ತಗ್ಗುವುದು. ಗಂಧಕ ಹೆಚ್ಚೇನೂ ತಗ್ಗದು.

ತೊಳೆತಕ್ಕೂ ಅದರದೇ ಆದ ಋಣವುಂಟು. ಬೇರ್ಪಟ್ಟ ಪೈರೈಟನ್ನು ಬಯಲಿನಲ್ಲಿ ರಾಶಿ ಹಾಕಿದರೆ ಗಾಳಿ ಮಳೆಗಳು ತಗಲಿ ಆಮ್ಲದ ನೀರು ಒಸರಿ ಹಳ್ಳವನ್ನು ಸೇರುವುದು. ಆಕಾಶವನ್ನು ಶುದ್ಧಿಗೊಳಿಸಲು ಹೋಗಿ ನೀರನ್ನು ಕೆಡಿಸಿದಂತಾಗಬಾರದು.

ತೊಳೆಯಲಾಗದ ಗಂಧಕಕ್ಕೆ ಉಳಿದ ದಾರಿಯೆಂದರೆ, ಉರಿಸಿದ ಮೇಲೆ ಹೊರಬರುವ ಅನಿಲವನ್ನು ಸುಣ್ಣಕಲ್ಲಿನ ಪುಡಿ ಕದಡಿದ ನೀರಿನ ಸಿಂಪಡಿಕೆಯಲ್ಲಿ ಹಾಯಿಸುವುದು. ಗಂಧಕವು ಜಿಪ್ಸಮ್ ಆಗಿ ಕೆಳಗುಳಿಯುವುದು. 2015ನೆಯ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಸ್ಥಾವರಗಳ ಗಂಧಕಾನಿಲಕ್ಕೆ ಮಿತಿಯನ್ನು ವಿಧಿಸಿತು; ಹಲವು ಬಾರಿ ಗಡುವನ್ನು ಮುಂದಕ್ಕೆ ಹಾಕಿ, 2025ನೆಯ ಜುಲೈಯಲ್ಲಿ ದೊಡ್ಡ ನಗರಗಳಿಂದ ದೂರವಿರುವ ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದ ವಿನಾಯಿತಿಯನ್ನು ಕೊಟ್ಟಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆಯೆಂಬುದು ವಿನಾಯಿತಿಯ ಪಕ್ಷದವರ ವಾದ. ಉರಿಸುವ ಮೊತ್ತ ಅಪಾರವೆಂಬುದು ವಿರೋಧಿಗಳ ವಾದ. ಎರಡೂ ನಿಜವೇ. ಆದುದರಿಂದ ‘ತೊಳೆದ ಕಲ್ಲಿದ್ದಲು’ ಎಂಬ ಮಾತು ಕಿವಿಗೆ ಬಿದ್ದಾಗ ವಿಚಾರವಂತರು ಕೇಳಬೇಕಾದ ಪ್ರಶ್ನೆ ಒಂದುಂಟು: ತೊಳೆದುದರಿಂದ ಹೋದುದು ಬೂದಿಯೋ, ಗಂಧಕವೋ? ಬೂದಿಯ ಔಷಧದಿಂದ ಗಂಧಕದ ರೋಗ ವಾಸಿಯಾಗದು.