ಸೊಂಟನೋವಿಗೆ ಮಾಲೀಶು: ಎಷ್ಟು ಒತ್ತಬೇಕು, ಯಾರಿಗೆ ಒತ್ತಬಾರದು?

ಬೀಡಿ ಕಟ್ಟುತ್ತಾ ದಿನವಿಡೀ ಕುಳಿತಿರುವ ತಾಯಂದಿರು, ಹೊಲಿಗೆ ಯಂತ್ರದ ಮೇಲೆ ಬಾಗಿರುವ ಹೆಣ್ಣುಮಕ್ಕಳು, ಅಂಗಡಿಯಲ್ಲಿ ಮೂಟೆ ಎತ್ತಿಳಿಸುವವರು, ಗಲ್ಫ್‌ನಲ್ಲಿ ವರ್ಷಗಟ್ಟಲೆ ವಾಹನ ಓಡಿಸಿ ಊರಿಗೆ ಮರಳಿದವರು. ಇವರಲ್ಲಿ ಸೊಂಟನೋವಿನ ಪರಿಚಯ ಇಲ್ಲದವರು ಕಡಿಮೆ. ನೋವು ಹೆಚ್ಚಾದ ರಾತ್ರಿ ಮನೆಯಲ್ಲಿ ಏನು ನಡೆಯುತ್ತದೆಂದು ನಿಮಗೆ ಗೊತ್ತು. ಎಣ್ಣೆ ಬಾಟಲಿ ಹೊರಬರುತ್ತದೆ. ಮಗನನ್ನು ಕರೆದು "ಇನ್ನೂ ಗಟ್ಟಿಯಾಗಿ ಒತ್ತು" ಎನ್ನುತ್ತೇವೆ. ಕೆಲವರು ಮಕ್ಕಳನ್ನು ಬೆನ್ನ ಮೇಲೆಯೇ ಹತ್ತಿಸಿಕೊಳ್ಳುತ್ತಾರೆ. ಇನ್ನು ಕೆಲವರು ಉಳುಕು ತೆಗೆಯುವವರ ಬಳಿಗೆ ಹೋಗುತ್ತಾರೆ. ನಗರಗಳಲ್ಲಾದರೆ 'ಡೀಪ್ ಟಿಶ್ಯೂ ಮಸಾಜ್' ಎಂಬ ಬೋರ್ಡು ಈಗ ಬೀದಿಬೀದಿಯಲ್ಲಿದೆ.

ಮಾಲೀಶಿನಿಂದ ಸೊಂಟನೋವಿಗೆ ಪ್ರಯೋಜನವಿದೆಯೇ? ಇದೆ. ಆದರೆ ಗಟ್ಟಿಯಾಗಿ ಒತ್ತಿದಷ್ಟೂ ಪ್ರಯೋಜನ ಹೆಚ್ಚು ಎಂಬ ನಂಬಿಕೆ ಸರಿಯಲ್ಲ. ಕೆಲವು ಬೆನ್ನುಗಳನ್ನು ಒತ್ತಲೇಬಾರದು. ಈ ಎರಡು ವಿಷಯಗಳನ್ನು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಕೆಲವೊಮ್ಮೆ ಕಾಲಿನ ಶಕ್ತಿಯೂ ಉಳಿಯುತ್ತದೆ.

ದೀರ್ಘಕಾಲದ ನೋವು ಎಂದರೇನು?

ಸೊಂಟದ ಭಾಗದಲ್ಲಿ 5 ದೊಡ್ಡ ಕಶೇರುಗಳಿವೆ. ಅವುಗಳ ನಡುವೆ ಮೆತ್ತೆಯಂತಹ ಡಿಸ್ಕ್‌ಗಳು, ಸುತ್ತಲೂ ಸ್ನಾಯುಗಳ ಹಲವು ಪದರಗಳು. ನೋವು 12 ವಾರಗಳಿಗಿಂತ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ನೋವು ಎನ್ನುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 61.9 ಕೋಟಿ ಜನರಿಗೆ ಸೊಂಟನೋವು ಇತ್ತು. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಮೂಳೆ ಮುರಿತ, ಸೋಂಕು, ಗಡ್ಡೆ ಮುಂತಾದ ನಿರ್ದಿಷ್ಟ ರೋಗವಿರುವುದಿಲ್ಲ. ಮಾಲೀಶು, ವ್ಯಾಯಾಮಗಳು ಕೆಲಸ ಮಾಡುವುದು ಇಂತಹ ನೋವಿನಲ್ಲಿ. ಉಳಿದ ಹತ್ತು ಮಂದಿಯನ್ನು ಮೊದಲೇ ಗುರುತಿಸುವುದು ವೈದ್ಯರ ಕೆಲಸ.

ಸ್ಕ್ಯಾನ್ ವರದಿಯಲ್ಲಿ 'ಡಿಸ್ಕ್ ಉಬ್ಬಿದೆ' ಎಂದು ಬರೆದಿರುವುದನ್ನು ನೋಡಿ ಹಲವರು ನಡೆಯುವುದನ್ನೇ ನಿಲ್ಲಿಸುತ್ತಾರೆ. ವಯಸ್ಸಾದಂತೆ ನೋವೇ ಇಲ್ಲದ ಅನೇಕರ ಡಿಸ್ಕ್‌ಗಳೂ ಉಬ್ಬಿರುತ್ತವೆ. ಆದ್ದರಿಂದ ಆ ಒಂದು ಸಾಲಿಗೆ ಹೆದರಬೇಡಿ. ವರದಿ, ನಿಮ್ಮ ತೊಂದರೆ, ವೈದ್ಯರ ಪರೀಕ್ಷೆ ಮೂರೂ ಹೊಂದಿಕೆಯಾಗಬೇಕು.

ಇಬ್ನ್ ಸೀನಾ ಹೇಳಿದ್ದೇನು?

ಯೂನಾನಿ ವೈದ್ಯ ಪದ್ಧತಿಯಲ್ಲಿ ಮಾಲೀಶಿಗೆ 'ದಲ್ಕ್' ಎಂದು ಹೆಸರು. ಔಷಧಿ ಕುಡಿಸದೆ ಕ್ರಮಗಳ ಮೂಲಕ ಮಾಡುವ 'ಇಲಾಜ್ ಬಿತ್ ತದ್ಬೀರ್' ಎಂಬ ಚಿಕಿತ್ಸಾ ವಿಭಾಗದಲ್ಲಿ ಇದು ಸೇರುತ್ತದೆ. ಬಿಸಿ ಶಾಖ, ಸ್ನಾನ, ಹಿಜಾಮಾ, ವ್ಯಾಯಾಮ ಕೂಡ ಇದರ ಭಾಗವೇ. ಬೆಂಗಳೂರಿನ ರಾಷ್ಟ್ರೀಯ ಯೂನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಈ ವಿಷಯದಲ್ಲೇ ಸ್ನಾತಕೋತ್ತರ ಶಿಕ್ಷಣವಿದೆ.

ಇಬ್ನ್ ಸೀನಾ (980-1037) ತಮ್ಮ 'ಅಲ್ ಕಾನೂನ್ ಫಿತ್ತಿಬ್' ಗ್ರಂಥದಲ್ಲಿ ದಲ್ಕ್‌ನ ವಿಧಗಳನ್ನು ಅವುಗಳ ಪರಿಣಾಮದೊಂದಿಗೆ ವಿಂಗಡಿಸಿದ್ದಾರೆ. ಗಟ್ಟಿಯಾದ ಮಾಲೀಶು (ಸುಲ್ಬ್) ದೇಹವನ್ನು ಬಿಗಿಗೊಳಿಸುತ್ತದೆ. ಮೃದುವಾದದ್ದು (ಲಯ್ಯಿನ್) ಸಡಿಲಗೊಳಿಸುತ್ತದೆ. ಬಹಳ ಹೊತ್ತು ಮಾಡಿದರೆ (ಕಸೀರ್) ದೇಹ ಇಳಿಯುತ್ತದೆ. ಮಧ್ಯಮವಾದದ್ದು (ಮುಅ್ತದಿಲ್) ದೇಹವನ್ನು ಬೆಳೆಸುತ್ತದೆ. ಒರಟು ಬಟ್ಟೆಯಿಂದ ತಿಕ್ಕುವುದಕ್ಕೆ, ನಯವಾದ ಅಂಗೈಯಿಂದ ತಿಕ್ಕುವುದಕ್ಕೆ ಬೇರೆ ಬೇರೆ ಹೆಸರುಗಳಿವೆ.

ಈ ಪಟ್ಟಿಯ ಮೊದಲ ಎರಡು ಸಾಲುಗಳನ್ನು ಮತ್ತೊಮ್ಮೆ ಓದಿ. ದೀರ್ಘಕಾಲದ ಸೊಂಟನೋವಿನಲ್ಲಿ ಬೆನ್ನಿನ ಸ್ನಾಯುಗಳು ಮೊದಲೇ ಬಿಗಿದುಕೊಂಡಿರುತ್ತವೆ. ಅವುಗಳಿಗೆ ಬೇಕಾದದ್ದು ಸಡಿಲಿಕೆ. ಸಾವಿರ ವರ್ಷ ಹಿಂದಿನ ಗ್ರಂಥದ ಪ್ರಕಾರವೇ ನೋಡಿದರೂ "ಇನ್ನೂ ಗಟ್ಟಿಯಾಗಿ" ಎಂದು ನಾವು ಕೇಳುವುದು ತಪ್ಪು ಔಷಧಿ.

ಅದೇ ಗ್ರಂಥದಲ್ಲಿ ಇನ್ನೊಂದು ಮುಖ್ಯ ಮಾತಿದೆ. ವ್ಯಾಯಾಮಕ್ಕೆ ಮೊದಲು ದೇಹವನ್ನು ಸಿದ್ಧಗೊಳಿಸುವ ದಲ್ಕ್, ವ್ಯಾಯಾಮದ ನಂತರ ದಣಿವಾರಿಸುವ ದಲ್ಕ್ ಎಂದು ಅವರು ಎರಡನ್ನು ಹೇಳುತ್ತಾರೆ. ಅಂದರೆ ಮಾಲೀಶು ಯಾವತ್ತೂ 'ರಿಯಾಝತ್' ಅಂದರೆ ವ್ಯಾಯಾಮದ ಜೊತೆಗಾರ. ನಾವು ಜೊತೆಗಾರನನ್ನು ಉಳಿಸಿಕೊಂಡು ಮುಖ್ಯಸ್ಥನನ್ನೇ ಮರೆತಿದ್ದೇವೆ.

ಆಳದ ಮಾಲೀಶು ಹೇಗೆ ಕೆಲಸ ಮಾಡುತ್ತದೆ?

ಡೀಪ್ ಟಿಶ್ಯೂ ಎಂದರೆ ಚರ್ಮದ ಕೆಳಗಿನ ಆಳದ ಪದರ ಎಂದರ್ಥ. ಬೆನ್ನುಮೂಳೆಯ ಎರಡೂ ಬದಿ ಉದ್ದಕ್ಕೆ ಹೋಗುವ ಸ್ನಾಯುಗಳು, ಕೊನೆಯ ಪಕ್ಕೆಲುಬಿನಿಂದ ಸೊಂಟದ ಮೂಳೆಗೆ ಇಳಿಯುವ ಚೌಕಾಕಾರದ ಸ್ನಾಯು, ಪೃಷ್ಠದ ಆಳದ ಸ್ನಾಯುಗಳು ಮತ್ತು ಇವನ್ನೆಲ್ಲ ಸುತ್ತಿರುವ ಪೊರೆ ಇದರ ಗುರಿ. ತರಬೇತಿ ಪಡೆದವರು ಮೊದಲು ಮೇಲಿನ ಪದರವನ್ನು ಬೆಚ್ಚಗೆ ಮಾಡಿ, ನಂತರ ಗೆಣ್ಣು ಅಥವಾ ಮುಂಗೈಯಿಂದ ಬಹಳ ನಿಧಾನವಾಗಿ ಒಳಗಿಳಿಯುತ್ತಾರೆ. ಒತ್ತಡಕ್ಕೆ ಸ್ನಾಯು ತಾನಾಗಿ ಬಿಟ್ಟುಕೊಡುವವರೆಗೆ ಕಾಯುತ್ತಾರೆ. ಆಳಕ್ಕೆ ಕೊಂಡೊಯ್ಯುವುದು ಅವರ ನಿಧಾನ. ಬಲ ಅಲ್ಲ.

'ಗಂಟು ಒಡೆಯುವುದು' ಎಂದು ಜನ ಹೇಳುತ್ತಾರೆ. ಸ್ನಾಯುವಿನಲ್ಲಿ ಒಡೆಯುವಂತಹ ಗಂಟು ಇರುವುದಿಲ್ಲ. ನೋವಿಗೆ ಹೆದರಿ ನರಮಂಡಲವು ಆ ಭಾಗವನ್ನು ಬಿಗಿಹಿಡಿದು ಕಾವಲು ಕಾಯುತ್ತಿರುತ್ತದೆ. ನಿಧಾನವಾದ, ಸಹಿಸಬಹುದಾದ ಸ್ಪರ್ಶದಿಂದ ಆ ಕಾವಲು ಸಡಿಲವಾಗುತ್ತದೆ. ಸಹಿಸಲಾಗದಷ್ಟು ಒತ್ತಿದರೆ ಕಾವಲು ಇನ್ನಷ್ಟು ಬಿಗಿಯಾಗುತ್ತದೆ. ಒಂದು ಸುಲಭ ಅಳತೆ ಹೇಳುತ್ತೇನೆ. ಒತ್ತುವಾಗ ನೀವು ಉಸಿರು ಬಿಗಿಹಿಡಿಯುತ್ತಿದ್ದರೆ, ಹಲ್ಲು ಕಚ್ಚುತ್ತಿದ್ದರೆ ಒತ್ತಡ ಮಿತಿ ಮೀರಿದೆ. ಸರಾಗವಾಗಿ ಉಸಿರಾಡುತ್ತಾ "ಹಾಂ, ಅಲ್ಲೇ" ಎನ್ನುವಂತಿದ್ದರೆ ಸರಿಯಾಗಿದೆ.

ಬೆನ್ನು ತಿರುಚಿದಾಗ ಬರುವ 'ಚಟಕ್' ಶಬ್ದವೂ ಮೂಳೆ ಜಾಗಕ್ಕೆ ಬಂದ ಗುರುತಲ್ಲ. ಅದು ಕೀಲಿನ ದ್ರವದಲ್ಲಿನ ಅನಿಲದ ಶಬ್ದ. ಶಬ್ದ ಬರಲೆಂದು ಕುತ್ತಿಗೆ, ಸೊಂಟಗಳನ್ನು ತರಬೇತಿ ಇಲ್ಲದವರ ಕೈಗೆ ಕೊಡಬೇಡಿ.

ಇವರಿಗೆ ಮಾಲೀಶು ಬೇಡ, ಮೊದಲು ವೈದ್ಯರು

ಸೊಂಟನೋವಿನ ಜೊತೆ ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಗಳ ಒಳಭಾಗ ಮತ್ತು ಗುಪ್ತಾಂಗದ ಸುತ್ತ ಮರಗಟ್ಟಿದರೆ, ಕಾಲು ಬಲ ಕಳೆದುಕೊಳ್ಳುತ್ತಿದ್ದರೆ ಅದು ತುರ್ತು ಪರಿಸ್ಥಿತಿ. ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಾಚಿಕೆಯಿಂದ ಹೇಳದೆ ಒಂದೆರಡು ದಿನ ಕಳೆದರೆ ಆ ನಷ್ಟ ಶಾಶ್ವತವಾಗಬಹುದು. ಮನೆಯ ಹಿರಿಯ ಹೆಂಗಸರು ಇದನ್ನು ಸೊಸೆಯಂದಿರಿಗೂ ಹೆಣ್ಣುಮಕ್ಕಳಿಗೂ ಬಿಡಿಸಿ ಹೇಳಿಕೊಡಬೇಕು.

ಈ ಕೆಳಗಿನವರೂ ಪರೀಕ್ಷೆ ಆಗುವವರೆಗೆ ಬೆನ್ನು ಒತ್ತಿಸಿಕೊಳ್ಳಬಾರದು:

• ಸಂಜೆ ಜ್ವರ, ತೂಕ ಇಳಿಕೆ, ಮಲಗಿದರೂ ಕಡಿಮೆಯಾಗದ ರಾತ್ರಿ ನೋವು ಇರುವವರು. ಕ್ಷಯರೋಗ ಶ್ವಾಸಕೋಶಕ್ಕೆ ಮಾತ್ರವಲ್ಲ, ಬೆನ್ನುಮೂಳೆಗೂ ಬರುತ್ತದೆ.

• ಹಿಂದೆ ಕ್ಯಾನ್ಸರ್ ಆಗಿದ್ದವರು.

• ಬಿದ್ದ ನಂತರ ನೋವು ಶುರುವಾದವರು. ಮುಟ್ಟು ನಿಂತ ಮಹಿಳೆಯರು, ವೃದ್ಧರು, ಬಹುಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡವರು. ಇವರ ಮೂಳೆ ತೆಳುವಾಗಿರಬಹುದು. ಮೊಮ್ಮಗುವನ್ನು ಬೆನ್ನ ಮೇಲೆ ನಿಲ್ಲಿಸಿದರೂ ಕಶೇರು ಕುಸಿಯುವ ಅಪಾಯವಿದೆ.

• ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಒಂದೇ ಕಾಲು ಊದಿಕೊಂಡು ನೋಯುತ್ತಿರುವವರು.

• ಗರ್ಭಿಣಿಯರು. ಇವರಿಗೆ ಹಗುರ ಆರೈಕೆ ಆಗಬಹುದು. ಆದರೆ ತಿಳಿದವರ ಕೈಯಲ್ಲಿ ಮಾತ್ರ.

ಮಧುಮೇಹಿಗಳಿಗೆ ಇನ್ನೊಂದು ಎಚ್ಚರಿಕೆ. ಸ್ಪರ್ಶಜ್ಞಾನ ಕಡಿಮೆಯಾಗಿರುವ ಜಾಗದಲ್ಲಿ ಬಿಸಿ ಶಾಖದಿಂದ ಸುಟ್ಟರೂ ಗೊತ್ತಾಗುವುದಿಲ್ಲ. ಶಾಖ ಕೊಡುವ ಮೊದಲು ಬೇರೆಯವರು ಕೈಯಿಂದ ಬಿಸಿ ಪರೀಕ್ಷಿಸಬೇಕು.

ನೋವು ಪೃಷ್ಠದಿಂದ ಮೊಣಕಾಲಿನ ಕೆಳಗಿನವರೆಗೆ ಎಳೆಯುತ್ತಿದ್ದರೆ ಅದು 'ಇರ್ಕುನ್ನಸಾ' ಅಂದರೆ ಸಯಾಟಿಕಾ ಇರಬಹುದು. ಒತ್ತುವಾಗ ಕಾಲಿಗೆ ಜುಮ್ಮೆಂದು ಮಿಂಚು ಹೊಡೆದಂತಾದರೆ ಕೈ ನರದ ಮೇಲಿದೆ ಎಂದರ್ಥ. ತಕ್ಷಣ ನಿಲ್ಲಿಸಿ.

ಮನೆಯಲ್ಲಿ ಮಾಡುವ ಸುರಕ್ಷಿತ ಕ್ರಮ

ಮೇಲಿನ ಯಾವ ಲಕ್ಷಣವೂ ಇಲ್ಲದಿದ್ದರೆ ಮನೆಯಲ್ಲೇ ಹಗುರವಾದ ದಲ್ಕ್ ಮಾಡಬಹುದು. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ಎಳ್ಳೆಣ್ಣೆ ಅಥವಾ ರೋಗನ್ ಬಾಬೂನಾವನ್ನು ಉಗುರು ಬೆಚ್ಚಗೆ ಮಾಡಿಕೊಳ್ಳಿ. ಹೊಟ್ಟೆಯ ಕೆಳಗೆ ತೆಳುವಾದ ದಿಂಬು ಇಟ್ಟು ಬೋರಲು ಮಲಗಿ. ಅದು ಕಷ್ಟವಾದರೆ ಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ.

ಮಾಲೀಶು ಮಾಡುವವರು ಬೆನ್ನುಮೂಳೆಯ ಮೇಲೆ ಕೈ ಒತ್ತಬಾರದು. ಅದರಿಂದ ಎರಡು ಬೆರಳಷ್ಟು ದೂರ, ಎರಡೂ ಬದಿ, ಸೊಂಟದಿಂದ ಮೇಲಕ್ಕೆ ಅಂಗೈಯಿಂದ ನಿಧಾನವಾಗಿ ನೀವಬೇಕು. ಕೊನೆಯ ಪಕ್ಕೆಲುಬುಗಳ ಹತ್ತಿರ ಮೂತ್ರಪಿಂಡಗಳಿರುವುದರಿಂದ ಅಲ್ಲಿ ಗುದ್ದಬಾರದು, ಮೊಣಕೈ ಊರಬಾರದು. ಪೃಷ್ಠದ ಮೇಲ್ಭಾಗವನ್ನು ಅಂಗೈಯ ಬುಡದಿಂದ ವೃತ್ತಾಕಾರವಾಗಿ ಒತ್ತಿ. ಹೆಚ್ಚಿನವರ ಬಿಗಿತ ಇರುವುದು ಅಲ್ಲೇ. ಒಟ್ಟು 10ರಿಂದ 15 ನಿಮಿಷ ಸಾಕು. ಮರುದಿನ ಸ್ವಲ್ಪ ಮೈಕೈ ನೋವಿದ್ದರೆ ಹೆದರಬೇಡಿ. ಎರಡು ದಿನ ಮೀರಿದರೆ, ಚರ್ಮ ಕಂದಿದರೆ ಒತ್ತಡ ಹೆಚ್ಚಾಗಿದೆ ಎಂದು ತಿಳಿಯಿರಿ.

ಮಾಲೀಶಿನಿಂದ ಸಿಗುವ ಆರಾಮ ಹೆಚ್ಚಾಗಿ ಕೆಲವು ಗಂಟೆ ಅಥವಾ ಕೆಲವು ದಿನಗಳದ್ದು. ಆ ಬಿಡುವನ್ನು ಮಲಗಿ ಕಳೆಯಬೇಡಿ, ಚಲನೆಗೆ ಬಳಸಿ. ಅಂಗಾತ ಮಲಗಿ ಒಂದೊಂದೇ ಮೊಣಕಾಲನ್ನು ಎದೆಯತ್ತ ತನ್ನಿ. ಮೊಣಕಾಲು ಮಡಚಿ ಸೊಂಟವನ್ನು ನಿಧಾನವಾಗಿ ಮೇಲೆತ್ತಿ ಇಳಿಸಿ. ಕೈ ಮತ್ತು ಮೊಣಕಾಲುಗಳ ಮೇಲೆ ನಿಂತು ಬೆನ್ನನ್ನು ಬೆಕ್ಕಿನಂತೆ ಮೇಲಕ್ಕೆ ಬಾಗಿಸಿ, ಮತ್ತೆ ಕೆಳಗಿಳಿಸಿ. ಒಂದೊಂದನ್ನೂ 8ರಿಂದ 10 ಸಲ. ಜೊತೆಗೆ ದಿನವೂ ನಡಿಗೆ. ಬೀಡಿ, ಹೊಲಿಗೆ, ಚಾಲನೆ ಯಾವ ಕೆಲಸವಿರಲಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.

ನಮಾಝಿನ ಬಗ್ಗೆ ಅನೇಕರು ಕೇಳುತ್ತಾರೆ. ರುಕೂಉ, ಸುಜೂದ್‌ನಿಂದ ಬೆನ್ನು ಕೆಡುವುದಿಲ್ಲ. ರುಕೂಉವಿನಲ್ಲಿ ಬೆನ್ನನ್ನು ಗೂನು ಮಾಡದೆ ಸೊಂಟದ ಕೀಲಿನಿಂದ ಬಾಗಿ, ಭಾರವನ್ನು ಮೊಣಕಾಲ ಮೇಲಿಟ್ಟ ಕೈಗಳಿಗೆ ಕೊಡಿ. ಸುಜೂದ್‌ನಿಂದ ಏಳುವಾಗ ಕೈಯೂರಿ ನಿಧಾನವಾಗಿ ಏಳಿ. ತೀವ್ರ ನೋವಿನ ದಿನಗಳಲ್ಲಿ ಕುರ್ಚಿ ಬಳಸುವ ರಿಯಾಯಿತಿಯ ಬಗ್ಗೆ ನಿಮ್ಮ ಮಸೀದಿಯ ಖತೀಬರನ್ನು ಕೇಳಿ. ನೋವು ಇಳಿದ ಮೇಲೂ ಭಯದಿಂದ ಕುರ್ಚಿಗೇ ಅಂಟಿಕೊಂಡರೆ ಬೆನ್ನು ಇನ್ನಷ್ಟು ಬಿಗಿಯುತ್ತದೆ ಎಂದಷ್ಟೇ ವೈದ್ಯನಾಗಿ ಹೇಳಬಲ್ಲೆ.

ಹಣ ಕೊಡುವ ಮೊದಲು ಕೇಳಬೇಕಾದ್ದು

ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಮಾರ್ಗಸೂಚಿ ಹೊರತಂದಿತು. ರೋಗಿಗೆ ತಿಳಿವಳಿಕೆ, ವ್ಯಾಯಾಮ, ಮಾಲೀಶಿನಂತಹ ಕೈಚಿಕಿತ್ಸೆಗಳು ಉಪಯುಕ್ತ ಎಂದು ಅದು ಹೇಳಿದೆ. ಸೊಂಟದ ಬೆಲ್ಟ್ ಮತ್ತು ಎಳೆತದ ಚಿಕಿತ್ಸೆ, ಅಂದರೆ ಟ್ರ್ಯಾಕ್ಷನ್, ಸಾಮಾನ್ಯವಾಗಿ ಬೇಡ ಎಂದಿದೆ. ವರ್ಷಗಟ್ಟಲೆ ಬೆಲ್ಟ್ ಕಟ್ಟಿಕೊಂಡವರು ಇದನ್ನು ಗಮನಿಸಬೇಕು.

ಫಿಸಿಯೋಥೆರಪಿಸ್ಟ್ ಇರಲಿ, ತದ್ಬೀರ್ ಚಿಕಿತ್ಸೆ ನೀಡುವ ಯೂನಾನಿ ವೈದ್ಯರಿರಲಿ, ಅವರ ಅರ್ಹತೆ ಕೇಳಿ. ಒತ್ತುವ ಮೊದಲು ನಿಮ್ಮ ಹಳೆಯ ಕಾಯಿಲೆ, ಮಾತ್ರೆಗಳನ್ನು ವಿಚಾರಿಸದವರಿಗೆ ಬೆನ್ನು ಕೊಡಬೇಡಿ. ಮಹಿಳೆಯರು ಮಹಿಳಾ ಚಿಕಿತ್ಸಕಿಯನ್ನೇ ಕೇಳಬಹುದು. ಚಿಕಿತ್ಸೆಯ ಜಾಗ ಬಿಟ್ಟು ಉಳಿದ ಮೈಯನ್ನು ಚಾದರದಿಂದ ಮುಚ್ಚಿರಬೇಕು. ಇದು ಸತ್ರ್‌ನ ವಿಷಯವೂ ಹೌದು, ಒಳ್ಳೆಯ ಚಿಕಿತ್ಸಾಲಯದ ಶಿಸ್ತೂ ಹೌದು. 20-30 ಬಾರಿಯ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ವಾರಕ್ಕೆ ಒಂದೆರಡು ಸಲದಂತೆ 4ರಿಂದ 6 ಬಾರಿ ಮಾಡಿಸಿ ನೋಡಿ. ನಿದ್ದೆ, ನಡಿಗೆ, ಮನೆಗೆಲಸದಲ್ಲಿ ವ್ಯತ್ಯಾಸ ಕಾಣದಿದ್ದರೆ ಅದನ್ನೇ ಮುಂದುವರಿಸದೆ ಮತ್ತೆ ಪರೀಕ್ಷೆ ಮಾಡಿಸಿಕೊಳ್ಳಿ.

ಒಳ್ಳೆಯ ಚಿಕಿತ್ಸಕರ ಕೈಯಿಂದ ಎದ್ದು ಬರುವಾಗ ಬೆನ್ನು ಹಗುರವಾಗಿರಬೇಕು, ಮನೆಯಲ್ಲಿ ಮಾಡಲು ಎರಡು ವ್ಯಾಯಾಮಗಳೂ ನಿಮಗೆ ತಿಳಿದಿರಬೇಕು. ದಿನಗಳೆದಂತೆ ನಿಮಗೆ ಅವರ ಅಗತ್ಯ ಕಡಿಮೆಯಾಗುತ್ತಿದ್ದರೆ, ಚಿಕಿತ್ಸೆ ಸರಿಯಾದ ದಾರಿಯಲ್ಲಿದೆ.